ಶೇಂಗಾ ಗಂಟಿನ ಕೆಲಸ ನಾವು ಯಾವಾಗ ಕಲಿಯುವುದು?

ಸಂಪಾದಕರಿಗೆ ನಮಸ್ಕಾರ.

ಈ ಸಲ ಗೋವಿನಜೋಳಕ್ಕೆ ಎಡೆ ಹೊಡೆದ ಮೇಲೆ ಎರಡು ಚೀಲ ಯೂರಿಯಾ ಬೇಕಿತ್ತು. ಬೆಳಿಗ್ಗೆ ಆರಕ್ಕೇ ಗೊಬ್ಬರದಂಗಡಿ ಮುಂದೆ ಪಾಳಿ ಹಚ್ಚಿದೆ. ಮಧ್ಯಾಹ್ನ ಒಂದೇ ಸಿಕ್ಕಿತು. 45 ಕಿಲೋದ ಆ ಒಂದು ಚೀಲ ತಯಾರಾಗಲು ಸುಮಾರು 26 ಕಿಲೋ ಅಮೋನಿಯಾ ಬೇಕು. ಹಿಂದೆ ನಿಂತಿದ್ದ ನನ್ನ ಹಳೆಯ ವಿದ್ಯಾರ್ಥಿ, ‘ಸರ್, ನೀವು ಬೋರ್ಡ್ ಮೇಲೆ ಬರೆಯುತ್ತಿದ್ದದ್ದು ಇದೇ ಅಲ್ವಾ?’ ಎಂದು ಕೇಳಿದ.

ಹೌದು, ಮೂವತ್ತು ವರ್ಷ ಪಿಯು ಮಕ್ಕಳಿಗೆ ಅಮೋನಿಯಾ ತಯಾರಿಸುವ ಹೇಬರ್ ವಿಧಾನ ಕಲಿಸಿದ್ದೇನೆ. ಗಾಳಿಯ ನೈಟ್ರೋಜನ್, ಜೊತೆಗೆ ಹೈಡ್ರೋಜನ್, 450 ಡಿಗ್ರಿ ಶಾಖ, ಗಾಳಿಯ 200 ಪಟ್ಟು ಒತ್ತಡ. 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಶುರುವಾದದ್ದು ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಜಗತ್ತಿನ ಒಟ್ಟು ಶಕ್ತಿಯಲ್ಲಿ ಶೇ 1ರಿಂದ 2ರಷ್ಟು ಇದೊಂದಕ್ಕೇ ಹೋಗುತ್ತದೆ. ನೈಸರ್ಗಿಕ ಅನಿಲದಿಂದ ಹೈಡ್ರೋಜನ್ ತೆಗೆಯುವುದಕ್ಕೇ ಅದರಲ್ಲಿ ಜಾಸ್ತಿ ಪಾಲು. ಅಷ್ಟು ಒತ್ತಡದ ಯಂತ್ರವನ್ನು ಸಣ್ಣದಾಗಿ ಕಟ್ಟಿದರೆ ಖರ್ಚು ಗಿಟ್ಟುವುದಿಲ್ಲ. ಅದಕ್ಕೇ ಕಾರ್ಖಾನೆಗಳು ದೊಡ್ಡವು, ನಮ್ಮ ಹೊಲಕ್ಕೆ ದೂರ.

ಒಮ್ಮೆ ಹುಡುಗಿಯೊಬ್ಬಳು ಶೇಂಗಾ ಗಿಡ ಕಿತ್ತು ತಂದು, ‘ಈ ಬೇರಿನ ಗಂಟಿನಲ್ಲಿ ಬೆಂಕಿಯೂ ಇಲ್ಲ, ಒತ್ತಡವೂ ಇಲ್ಲ. ಮತ್ತೆ ಇದರಲ್ಲಿ ಅಮೋನಿಯಾ ಹೇಗಾಗುತ್ತದೆ ಸರ್?’ ಎಂದಳು. ಗಂಟಿನೊಳಗಿನ ಬ್ಯಾಕ್ಟೀರಿಯಾದ ಕಿಣ್ವದಲ್ಲಿ ಮಾಲಿಬ್ಡಿನಂ ಎಂಬ ಲೋಹ ಇದೆ ಎಂದಷ್ಟೇ ಹೇಳಿ ಪಾಠ ಮುಂದುವರಿಸಿದೆ. ಆ ಬೇಸರ ಇನ್ನೂ ಇದೆ. 2019ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ನಿಶಿಬಯಾಶಿ ಅವರ ತಂಡ ಅದೇ ಮಾಲಿಬ್ಡಿನಂ ಬಳಸಿ, ನೀರು ಮತ್ತು ನೈಟ್ರೋಜನ್‌ನಿಂದ ಕೋಣೆಯ ಶಾಖದಲ್ಲೇ ಅಮೋನಿಯಾ ಮಾಡಿ ತೋರಿಸಿತು. ಆದರೆ ಅದಕ್ಕೆ ಹಾಕುವ ಸಮೇರಿಯಂ ಸಂಯುಕ್ತ ಖರ್ಚಾಗಿ ಹೋಗುತ್ತದೆ. ಹೊಲಕ್ಕೆ ಬರಲು ಇನ್ನೂ ಸಮಯ ಬೇಕು.

ಹೊಸೊನೊ ಎಂಬ ಇನ್ನೊಬ್ಬ ವಿಜ್ಞಾನಿಯ ಕೆಲಸ ನಮಗೆ ಹೆಚ್ಚು ಹತ್ತಿರದ್ದು. ಅವರೂ ಟೋಕಿಯೊದವರೇ. ಸುಣ್ಣ ಮತ್ತು ಅಲ್ಯೂಮಿನಾ ಸೇರಿದ, ಸಿಮೆಂಟಿನಲ್ಲೂ ಇರುವ ಸಂಯುಕ್ತವೊಂದರ ಒಳಗೆ ಎಲೆಕ್ಟ್ರಾನ್‌ಗಳನ್ನು ಕೂಡಿಟ್ಟು, ಮೇಲೆ ರುಥೇನಿಯಂ ಲೋಹದ ಕಣ ಕೂರಿಸಿದರು. ಆ ಎಲೆಕ್ಟ್ರಾನ್‌ಗಳು ನೈಟ್ರೋಜನ್‌ನ ಬಿಗಿ ಬಂಧವನ್ನು ಸಡಿಲಿಸುತ್ತವೆ. ಒತ್ತಡ ಕಡಿಮೆ ಸಾಕು. 2017ರಲ್ಲಿ ಇದನ್ನೇ ನೆಚ್ಚಿ ಸಣ್ಣ ಘಟಕ ಕಟ್ಟುವ ಕಂಪನಿಯೂ ಶುರುವಾಯಿತು.

ನಮ್ಮ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಆ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತೆಗೆದು, ಪಕ್ಕದಲ್ಲೇ ಇಂಥ ಒಂದು ಸಣ್ಣ ಘಟಕ ಹಾಕಿ ನೋಡಬಾರದೇ? ಯೂರಿಯಾಕ್ಕೆ ಇಂಗಾಲದ ಡೈಆಕ್ಸೈಡ್ ಕೂಡ ಬೇಕು, ನಿಜ. ಅಮೋನಿಯಂ ಸಲ್ಫೇಟ್‌ಗೆ ಅದೂ ಬೇಡ. ಬೆಂಗಳೂರಿನ ಐಐಎಸ್‌ಸಿ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯವನ್ನು ಸರ್ಕಾರ ಈ ವಿಷಯಕ್ಕಾಗಿ ಒಂದು ದಿನ ಒಟ್ಟಿಗೆ ಕೂರಿಸಲಿ. ಪಾಳಿ ಹಚ್ಚುವ ರೈತರನ್ನೂ ನಾಲ್ಕು ಜನ ಕರೆಯಲಿ. ನಾನಂತೂ ಬರುತ್ತೇನೆ.

— ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ರಾಣೆಬೆನ್ನೂರು