ನಮ್ಮ ಕಿತ್ತಳೆಗೆ ಇನ್ನು ಇಮಾಜಲಿಲ್ ಇಲ್ಲ

ಆತ್ಮೀಯ ಗ್ರಾಹಕರೇ,

ಈ ಹಂಗಾಮಿನ ಮೊದಲ ಕಟಾವಿನಿಂದಲೇ ಸಂಘದ ಕಿತ್ತಳೆಯನ್ನು ಇಮಾಜಲಿಲ್ ಎಂಬ ಬೂಷ್ಟುನಾಶಕದ ದ್ರಾವಣದಲ್ಲಿ ಅದ್ದುವುದನ್ನು ನಿಲ್ಲಿಸಿದ್ದೇವೆ. ಅದರ ಬದಲು ಥೈಮಾಲ್ ಮತ್ತು ಯುಜಿನಾಲ್ ಬೆರೆಸಿದ ತೆಳುವಾದ ಮೇಣದ ಲೇಪ ಕೊಡುತ್ತಿದ್ದೇವೆ. ಓಮಕ್ಕೆ ಆ ಘಾಟು ಬರುವುದು ಥೈಮಾಲ್‌ನಿಂದ. ಯುಜಿನಾಲ್ ಲವಂಗದ ಎಣ್ಣೆಯಲ್ಲಿರುವುದು. ಪೆಟ್ಟಿಗೆ ಬಿಚ್ಚಿದಾಗ ಸಣ್ಣಗೆ ಓಮದ ವಾಸನೆ ಬಂದರೆ ಗಾಬರಿಯಾಗಬೇಡಿ. ಸ್ವಲ್ಪ ಹೊತ್ತು ಗಾಳಿಗೆ ಇಟ್ಟರೆ ಬಹುಪಾಲು ಹೋಗುತ್ತದೆ.

ಕಾರಣ ಹೇಳಬೇಕು. ಕಿತ್ತಳೆಯ ದೊಡ್ಡ ಶತ್ರು ಹಸಿರು ಬೂಷ್ಟು, ಅಂದರೆ ಪೆನಿಸಿಲಿಯಮ್ ಡಿಜಿಟೇಟಮ್ ಎಂಬ ಶಿಲೀಂಧ್ರ. ಮೊದಲು ಸಿಪ್ಪೆಯ ಮೇಲೆ ಬೆರಳಿಟ್ಟರೆ ಒಳಗಿಳಿಯುವ ಒಂದು ಮೆತ್ತನೆಯ ಮಚ್ಚೆ. ಆಮೇಲೆ ಅದರ ನಡುವೆ ಬಿಳಿ ನೂಲು, ಅದರ ಮೇಲೆ ಹಸಿರು ಪುಡಿ. ಆ ಹಣ್ಣನ್ನು ಎತ್ತಿದರೆ ಸಾಕು, ಪುಡಿ ಹೊಗೆಯ ಹಾಗೆ ಏಳುತ್ತದೆ. ಅದರಲ್ಲಿ ಕೋಟ್ಯಂತರ ಬೀಜಕಣಗಳಿರುತ್ತವೆ. ಸುಮಾರು 25 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹೇಳಿ ಮಾಡಿಸಿದ ಹವೆ.

ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ಅದು ತಯಾರಾಗದಂತೆ ಇಮಾಜಲಿಲ್ ತಡೆಯುತ್ತದೆ. ಆದರೆ ಅದರ ಏಟು ಬೀಳುವುದು ಒಂದೇ ಜಾಗಕ್ಕೆ. ವರ್ಷಗಟ್ಟಲೆ ಅದನ್ನೇ ಬಳಸಿದರೆ ಅದಕ್ಕೆ ಬಗ್ಗದ ತಳಿಗಳು ಉಳಿದು ಹೆಚ್ಚುತ್ತವೆ. ಕಳೆದ ಹಂಗಾಮಿನ ಕೊನೆಯಲ್ಲಿ ನಮ್ಮ ಶೆಡ್‌ನಲ್ಲಿ ಸರಿಯಾದ ಪ್ರಮಾಣದಲ್ಲಿ ಅದ್ದಿದ ಹಣ್ಣೇ ಬೂಷ್ಟು ಹಿಡಿಯಿತು. ಪ್ರಮಾಣ ಹೆಚ್ಚಿಸುವುದು ನಮಗೆ ಬೇಡವಾಯಿತು, ಯಾಕೆಂದರೆ ಅದರ ಅಂಶ ಸಿಪ್ಪೆಯಲ್ಲಿ ಉಳಿಯುತ್ತದೆ.

ಥೈಮಾಲ್, ಯುಜಿನಾಲ್‌ಗಳ ರೀತಿ ಬೇರೆ. ಇವು ಕೊಬ್ಬಿನಲ್ಲಿ ಬೆರೆಯುವಂಥವು. ಶಿಲೀಂಧ್ರದ ಪೊರೆಯೊಳಗೇ ಸೇರಿಕೊಂಡು ಅದನ್ನು ಸಡಿಲಗೊಳಿಸುತ್ತವೆ, ಜೀವಕೋಶದ ಒಳಗಿನದು ಸೋರಿಹೋಗುತ್ತದೆ. ಗಿಡಗಳು ಇದನ್ನು ಮೊದಲಿನಿಂದ ಮಾಡಿಕೊಂಡೇ ಬಂದಿವೆ. ನಿಂಬೆಯ ಸಿಪ್ಪೆಯ ಎಣ್ಣೆಗ್ರಂಥಿಗಳಲ್ಲಿ ಸಿಟ್ರಾಲ್ ಎಂಬ ಇಂಥದೇ ವಸ್ತು ಇರುತ್ತದೆ, ಎಳೆಯ ಕಾಯಿಯನ್ನು ಅದು ಕಾಯುತ್ತದೆ; ಹಣ್ಣು ಹಳೆಯದಾದಂತೆ ಅದು ಕಡಿಮೆಯಾಗುತ್ತದೆ, ಬೂಷ್ಟಿಗೆ ದಾರಿಯಾಗುತ್ತದೆ.

ಇದು ನಮಗೆ ಸುಲಭವಾಗಿ ಕೈಗೆ ಹತ್ತಲಿಲ್ಲ. ಥೈಮಾಲ್ ಬರುವುದು ಬಿಳಿ ಹರಳಿನ ರೂಪದಲ್ಲಿ. ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಮೊದಲ ಸಲ ಲೇಪ ಸರಿಯಾಗಿ ಬೆರೆತಿರಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಎಣ್ಣೆಹನಿ ಕೂತಲ್ಲೆಲ್ಲ ಸಿಪ್ಪೆ ಸುಟ್ಟು ಕಂದು ಚುಕ್ಕೆ ಬಿದ್ದಿತ್ತು. ಆ ಹಣ್ಣನ್ನು ನಾವು ಮಾರಲಿಲ್ಲ. ಈಗ ಹರಳನ್ನು 50 ಡಿಗ್ರಿಗಿಂತ ತುಸು ಹೆಚ್ಚು ಕಾಯಿಸಿ ಕರಗಿಸಿ, ಮೇಣದಲ್ಲಿ ಹಾಲಿನಂತಾಗುವವರೆಗೆ ಕಡೆದು ಬಳಸುತ್ತೇವೆ. ಗಿಡದಿಂದ ಬಂದದ್ದೆಂದು ಮನಬಂದಷ್ಟು ಸುರಿಯುವ ವಸ್ತು ಇದಲ್ಲ.

ಇಮಾಜಲಿಲ್‌ನಷ್ಟು ದಿನ ಇದು ಕಾಯುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ. ಎಣ್ಣೆಯ ಅಂಶ ಆರಿಹೋಗುತ್ತದೆ, ಸಿಪ್ಪೆಯೊಳಗೆ ಆಗಲೇ ಬೇರೂರಿದ ಕೊಳೆಯನ್ನು ತಲುಪುವುದಿಲ್ಲ. ಹಸಿರು ಬೂಷ್ಟು ಒಳಹೊಗುವುದು ಗಾಯದ ಮೂಲಕ. ಹಾಗಾಗಿ ಹಣ್ಣನ್ನು ಎಳೆದು ಕೀಳದೆ ತೊಟ್ಟನ್ನು ಕತ್ತರಿಯಿಂದ ಕತ್ತರಿಸುತ್ತಿದ್ದೇವೆ, ಕೀಳುವವರಿಗೆಲ್ಲ ಕೈಗವಸು ಕೊಟ್ಟಿದ್ದೇವೆ. ಲೇಪಕ್ಕೆ ಮುಂಚೆ ಅಡುಗೆ ಸೋಡಾ ಹಾಕಿದ ಬೆಚ್ಚನೆಯ ನೀರಿನಲ್ಲಿ ತೊಳೆಯುತ್ತೇವೆ.

ಅಂಗಡಿಯವರಿಗೆ ವಾರಕ್ಕೊಮ್ಮೆ ಬರುತ್ತಿದ್ದ ಲೋಡು ಇನ್ನು ಎರಡು ಕಂತಿನಲ್ಲಿ ಬರುತ್ತದೆ. ದಯವಿಟ್ಟು ಹೆಚ್ಚು ದಾಸ್ತಾನು ಇಟ್ಟುಕೊಳ್ಳಬೇಡಿ. ಮನೆಗೆ ಒಯ್ಯುವವರು ಹಣ್ಣನ್ನು ಫ್ರಿಜ್ಜಿನಲ್ಲಿಡಿ, ಮೆತ್ತಗಾದದ್ದು ಕಂಡ ಕೂಡಲೇ ಬೇರೆ ಮಾಡಿ, ಸುಲಿಯುವ ಮುನ್ನ ತೊಳೆಯಿರಿ.

ಮಾವಿಗೆ ಸದ್ಯಕ್ಕೆ ಈ ಲೇಪ ಇಲ್ಲ. ಅದರ ಚಿಬ್ಬು ರೋಗದ ಶಿಲೀಂಧ್ರ ಕಾಯಿ ಎಳೆಯದಾಗಿರುವಾಗಲೇ ಸಿಪ್ಪೆಯಡಿ ಸೇರಿ, ಹಣ್ಣಾಗುವ ತನಕ ಸುಮ್ಮನಿರುತ್ತದೆ. ಅದಕ್ಕೆ 52 ಡಿಗ್ರಿಯ ಬಿಸಿನೀರಿನ ಉಪಚಾರವೇ ಮುಂದುವರಿಯುತ್ತದೆ.

ಹಣ್ಣು ಕೆಟ್ಟಿದ್ದರೆ ಪೆಟ್ಟಿಗೆಯ ಲಾಟ್ ನಂಬರ್ ಜೊತೆ ಒಂದು ಫೋಟೋ ಕಳಿಸಿ, ಬದಲಿ ಹಣ್ಣು ಕೊಡುತ್ತೇವೆ. ಕೊಳೆ ತೊಟ್ಟಿನ ಬುಡದಲ್ಲಿ ಶುರುವಾಗಿತ್ತೋ ಪಕ್ಕದಲ್ಲೋ ಎಂದು ಮರೆಯದೆ ಬರೆಯಿರಿ. ಪಕ್ಕದಲ್ಲಾದರೆ ಕೀಳುವಾಗಲೋ ಸಾಗಿಸುವಾಗಲೋ ಎಲ್ಲಿ ಗಾಯವಾಯಿತೆಂದು ಹುಡುಕುತ್ತೇವೆ. ತೊಟ್ಟಿನಲ್ಲಾದರೆ ಆ ಲಾಟ್ ಬಂದ ತೋಟಕ್ಕೆ ಹೋಗಿ ನೋಡುತ್ತೇವೆ.

ಇಂತಿ,
ಪ್ಯಾಕಿಂಗ್ ವಿಭಾಗ,
ಹಣ್ಣು ಬೆಳೆಗಾರರ ಸಹಕಾರ ಸಂಘ