ಟಿಕೆಟ್ ಮೇಲೆ ‘ರಾತ್ರಿ’ ಅಂತ ಬರೆದರೆ ಏನು ಗಂಟು ಹೋಗುತ್ತದೆ?

ಮಾನ್ಯರೇ,

ಹೋದ ತಿಂಗಳು ನಮ್ಮ ಮಾವನವರು ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದರು. ಖಾಸಗಿ ಬಸ್ಸು, ಮೊಬೈಲ್‌ನಲ್ಲಿ ಟಿಕೆಟ್ ತೆಗೆದವನು ನಾನೇ. ‘ಗುರುವಾರ, 00:15’ ಅಂತಿತ್ತು. ಗುರುವಾರ ರಾತ್ರಿ ಊಟ ಮುಗಿಸಿ, ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿಕೊಂಡು ಹನ್ನೊಂದೂವರೆಗೇ ಹೋಗಿ ನಿಂತೆವು. ಬಸ್ಸು ಬುಧವಾರ ರಾತ್ರಿಯೇ ಹೋಗಿತ್ತು! ದುಡ್ಡೂ ಹೋಯ್ತು, ಮಾವನವರ ಮುಂದೆ ಮರ್ಯಾದೆಯೂ ಹೋಯ್ತು.

ತಪ್ಪು ನನ್ನದೇ, ಒಪ್ಪಿದೆ. 24 ಗಂಟೆ ಲೆಕ್ಕ ಬಿಟ್ಟು ಎಎಂ, ಪಿಎಂ ಹಾಕಿದ್ದರೆ ಸರಿ ಇರ್ತಿತ್ತು ಅಂತ ಗೆಳೆಯರು ಅಂದರು. ಅದೂ ಸುಳ್ಳು. 12:15 ಎಎಂ ಅಂದರೆ ಮಧ್ಯಾಹ್ನವೋ ಮಧ್ಯರಾತ್ರಿಯೋ ಅಂತ ಎಷ್ಟು ಜನ ಥಟ್ಟನೆ ಹೇಳ್ತಾರೆ? ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಗಡಿಯಾರಕ್ಕೆ ದಿನ ಬದಲಾಗೋದು ನಡುರಾತ್ರಿಗೆ, ನಮಗೆ ಬೆಳಗಾದ ಮೇಲೆ. ಪಂಚಾಂಗದ ವಾರವೂ ಸೂರ್ಯ ಹುಟ್ಟಿದ ಮೇಲೇ ಶುರು, ಅಲ್ಲಿಂದ ಮರುದಿನ ಹೊತ್ತು ಹುಟ್ಟುವವರೆಗೆ 60 ಗಳಿಗೆ. ನಮ್ಮ ಕಡೆ ಗುರುವಾರ ರಾತ್ರಿ ಆಟ ಇದೆ ಅಂದರೆ, ಅದು ಶುಕ್ರವಾರ ಕೋಳಿ ಕೂಗುವವರೆಗೆ ನಡೆದರೂ ಗುರುವಾರದ ಆಟವೇ, ಅಲ್ವಾ?

ಎಎಂ, ಪಿಎಂ ಗೊಂದಲಕ್ಕೆ ದೊಡ್ಡವರೂ ಸಿಕ್ಕಿದ್ದಾರೆ. ಕೆನಡಾದ ಎಂಜಿನಿಯರ್ ಸ್ಯಾಂಡ್‌ಫರ್ಡ್ ಫ್ಲೆಮಿಂಗ್ 1876ರಲ್ಲಿ ಐರ್ಲೆಂಡಿನಲ್ಲಿ ರೈಲು ತಪ್ಪಿಸಿಕೊಂಡರು. ಬೆಳಗಿನ ರೈಲಿನ ಮುಂದೆ ಸಂಜೆ ಅಂತ ಅಚ್ಚಾಗಿತ್ತು. ರಾತ್ರಿಯೆಲ್ಲ ನಿಲ್ದಾಣದಲ್ಲೇ ಕಳೆದ ಆ ಮನುಷ್ಯ ಮುಂದೆ 24 ಗಂಟೆಯ ಗಡಿಯಾರದ ಪರ ವಾದಿಸಿದ. ಪಾಪ, ನನ್ನ 00:15ರ ಫಜೀತಿಗೆ ಅವರ ಬಳಿಯೂ ಔಷಧ ಇರಲಿಲ್ಲ!

ಊರೂರಿಗೆ ಒಂದೊಂದು ರೂಢಿ. ಅಮೆರಿಕದವರು 18:30 ಕಂಡರೆ ಮಿಲಿಟರಿ ಟೈಮ್ ಅಂತಾರೆ. ಜರ್ಮನಿಯಲ್ಲಿ ರೈಲಿನ ಬೋರ್ಡಿನ ಮೇಲೆ 18:30, ಮಾತಿನಲ್ಲಿ ಅದೇ ಹೊತ್ತಿಗೆ ‘ಅರ್ಧ ಏಳು’. ಬೆಳಗಾವಿ ಪೇಟೆಯಲ್ಲಿ ಮರಾಠಿಯವರು ಸಾಡೇಸಹಾ ಅಂತಾರೆ, ನಾವು ಆರೂವರೆ. ಹದಿನೆಂಟೂವರೆಗೆ ಚಹಾಕ್ಕೆ ಬಾ ಅಂತ ಯಾರಾದರೂ ಕರೆದದ್ದು ಕೇಳಿದ್ದೀರಾ? ನಮ್ಮ ಓಣಿಯ ಮಾಜಿ ಸೈನಿಕರೊಬ್ಬರು ಮಾತ್ರ ಇವತ್ತಿಗೂ ಹಾಗೆ ಹೇಳ್ತಾರೆ, ಮೊಮ್ಮಕ್ಕಳು ನಗ್ತಾರೆ. ಕನ್ನಡದಲ್ಲೇ ಒಂದು ಗಮ್ಮತ್ತು ನೋಡಿ: ನಮಗೆ ಹತ್ತು ಗಂಟೆಯೂ ಮುಂಜಾನೆಯೇ. ಮೈಸೂರು ಕಡೆಯವರಿಗೆ ಮುಂಜಾನೆ ಅಂದರೆ ಇನ್ನೂ ಕತ್ತಲೆ ಹರಿಯುವ ಹೊತ್ತು. ನನ್ನ ಮೈಸೂರಿನ ಸಹೋದ್ಯೋಗಿ ಒಮ್ಮೆ ನಾನು ‘ಮುಂಜಾನೆ ಬರ್ತೀನಿ’ ಅಂದದ್ದಕ್ಕೆ ಐದಕ್ಕೇ ಎದ್ದು ಕೂತಿದ್ದ.

ರೈಲ್ವೆಯವರು 24 ಗಂಟೆ ಬಿಡೋದು ಬೇಡ, ಅದು ಅವರ ಕೆಲಸಕ್ಕೆ ಬೇಕು. ಆದರೆ ಟಿಕೆಟ್ ಕೊಡುವವರು ಯಾರೇ ಇರಲಿ, ನಡುರಾತ್ರಿಯಿಂದ ನಸುಕಿನವರೆಗಿನ ಗಾಡಿಗಳಿಗೆ ಕನ್ನಡದಲ್ಲಿ ಒಂದು ಸಾಲು ಸೇರಿಸಲಿ: ‘ಬುಧವಾರ ರಾತ್ರಿ ಮಲಗುವ ಮುಂಚೆ ಬನ್ನಿ’ ಅಂತಲ್ಲ, ಸುಮ್ನೆ ‘ಬುಧವಾರ ರಾತ್ರಿ 12.15, ಬೆಳಗಾದರೆ ಗುರುವಾರ’ ಅಂತ. ನಿಮ್ಮ ಪತ್ರಿಕೆಗಳಲ್ಲಿ ಕಾರ್ಯಕ್ರಮದ ಸುದ್ದಿಗೆ ‘ಬೆಳಿಗ್ಗೆ 10.30ಕ್ಕೆ’, ‘ಸಂಜೆ 6ಕ್ಕೆ’ ಅಂತ ಬರೀತೀರಲ್ಲ, ಅಷ್ಟು ಮಾಡಿದರೆ ಸಾಕು.

– ಒಬ್ಬ ಓದುಗ, ವಿಜಯಪುರ