ಗಿಟಾರ್ ಗುಂಯ್‌ಗುಟ್ಟಿದರೆ ಅರ್ಥ್ ಪಿನ್ ಮುರಿಯಬೇಡಿ

ಮಾನ್ಯ ಸಂಪಾದಕರೇ,

ಗಣೇಶೋತ್ಸವದಿಂದ ರಾಜ್ಯೋತ್ಸವ ಮುಗಿಯುವವರೆಗೆ ಊರೂರಲ್ಲಿ ರಸಮಂಜರಿ ನಡೆಯುತ್ತದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಸ್ಪೀಕರಿನಿಂದ ಒಂದೇ ಸಮನೆ ಬರುವ ಗುಂಯ್ ಸದ್ದು ಕೇಳುಗರಿಗೆಲ್ಲ ಪರಿಚಿತ. ಎಷ್ಟೋ ಸಲ ಅದು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಕರೆಂಟಾಗಿಸುವ ಒಂಟಿ ಸುರುಳಿ) ಇರುವ ಎಲೆಕ್ಟ್ರಿಕ್ ಗಿಟಾರಿನದು. ಅದಕ್ಕೆ ನಮ್ಮಲ್ಲಿ ಎರಡು ಮದ್ದು ಚಾಲ್ತಿಯಲ್ಲಿವೆ. ಸಾವಿರಾರು ರೂಪಾಯಿ ಸುರಿದು ಪಿಕಪ್ ಬದಲಿಸುವುದು ಒಂದು. ಆಂಪ್ಲಿಫಯರಿನ ಪ್ಲಗ್ಗಿನಿಂದ ಮೂರನೇ ಪಿನ್, ಅಂದರೆ ಅರ್ಥ್ ಪಿನ್, ಮುರಿದುಹಾಕುವುದು ಇನ್ನೊಂದು. ಮೊದಲನೆಯದು ಬಹಳ ಸಲ ದಂಡದ ಖರ್ಚು, ಎರಡನೆಯದು ಜೀವಕ್ಕೇ ಕುತ್ತು. ಗಿಟಾರ್ ನುಡಿಸುವವರೂ ವೇದಿಕೆ ಕಟ್ಟಿಸುವವರೂ ತಿಳಿದಿರಲೆಂದು ಈ ಪತ್ರ.

ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಗಿಟಾರ್ ಮಾದರಿಯ ಪಿಕಪ್ಪಿನಲ್ಲಿ ಅಯಸ್ಕಾಂತಗಳ ಸುತ್ತ ಕೂದಲೆಳೆಯಷ್ಟು ಸಣ್ಣ, ಸುಮಾರು 0.06 ಮಿಲಿಮೀಟರ್ ದಪ್ಪದ ತಾಮ್ರದ ವೈರನ್ನು 8,000ದ ಆಸುಪಾಸು ಸುತ್ತು ಸುತ್ತಿರುತ್ತಾರೆ. ತಂತಿಯ ಕಂಪನ ಹಿಡಿಯುವ ಅದೇ ಕಾಯಿಲ್ ಕೋಣೆಯಲ್ಲಿ ಹರಡಿರುವ 50 ಹರ್ಟ್ಸ್ ಕರೆಂಟಿನ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ. ಇದನ್ನು ತಪ್ಪಿಸಲೆಂದೇ 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಹಂಬಕರ್ ರೂಪಿಸಿದರು. ಆದರೂ ಸಿಂಗಲ್ ಕಾಯಿಲ್‌ನ ಬಿಡಿಬಿಡಿಯಾದ ತಿಳಿನಾದ ಹಂಬಕರಿನಲ್ಲಿ ಸಿಗುವುದಿಲ್ಲ. ಆ ನಾದ ಬೇಕೆನ್ನುವವರು ಅದನ್ನು ಬಿಟ್ಟುಕೊಡಬೇಕಾಗಿಲ್ಲ.

ಮೊದಲು ಸದ್ದು ಯಾವ ಜಾತಿಯದೆಂದು ತಿಳಿಯಬೇಕು. ಗಿಟಾರಿನ ವಾಲ್ಯೂಮ್ ಸೊನ್ನೆಗೆ ತಿರುಗಿಸಿ. ಸದ್ದು ಹಾಗೇ ಉಳಿದರೆ ಪಿಕಪ್ಪಿನದು ತಪ್ಪಲ್ಲ; ಕೇಬಲ್, ಪೆಡಲ್, ಆಂಪ್ಲಿಫಯರ್ ಅಥವಾ ಕರೆಂಟಿನ ಕಡೆ ಹುಡುಕಿ. ಸೊನ್ನೆಯಲ್ಲಿ ನಿಂತು, ಏರಿಸಿದಾಗ ಬಂದರೆ ಕುಳಿತಲ್ಲೇ ಗಿಟಾರ್ ಹಿಡಿದು ನಿಧಾನವಾಗಿ ಸುತ್ತ ತಿರುಗಿ. ಒಂದು ದಿಕ್ಕಿನಲ್ಲಿ ಗುಂಯ್ ಏರಿ ಇನ್ನೊಂದು ದಿಕ್ಕಿನಲ್ಲಿ ಹೆಚ್ಚುಕಮ್ಮಿ ಮಾಯವಾದರೆ ಅದು ಕಾಂತಕ್ಷೇತ್ರದ್ದು. ದಿಕ್ಕು ಬದಲಿಸಿದರೂ ಅಷ್ಟಾಗಿ ಬದಲಾಗದ, ತಂತಿ ಮುಟ್ಟಿದೊಡನೆ ತಗ್ಗುವ ಚೂಪಾದ ಝರ್ ಸದ್ದು ವಿದ್ಯುತ್ ಕ್ಷೇತ್ರದ್ದು. ಆಂಟೆನಾದಂತೆ ಅದನ್ನು ಹಿಡಿಯುತ್ತಿದ್ದ ನಿಮ್ಮ ದೇಹವೇ ತಂತಿ ಮುಟ್ಟಿದಾಗ ಗ್ರೌಂಡಿಗೆ (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ಕಡೆಗೆ) ಸೇರುತ್ತದೆ. ತಂತಿ ಮುಟ್ಟಿದಾಗ ಸದ್ದು ಹೆಚ್ಚಾದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಜ್ಯಾಕಿನ ಎರಡು ವೈರ್ ಅದಲುಬದಲಾಗಿರಬಹುದು, ಇಲ್ಲವೇ ಕಟ್ಟಡದಲ್ಲಿ ಅರ್ಥಿಂಗ್ ಇಲ್ಲದಿರಬಹುದು.

ಆ ಅರ್ಥಿಂಗಿನ ಮಾತು. ಗಿಟಾರಿನ ತಂತಿಗಳು ಬ್ರಿಜ್ (ತಂತಿಗಳು ಕೂರುವ ಲೋಹದ ಭಾಗ) ಮೂಲಕ, ಕೇಬಲಿನ ಜಾಲರಿಯ ಮೂಲಕ ಆಂಪ್ಲಿಫಯರಿನ ಲೋಹದ ಮೈಗೆ ನೇರ ಸೇರಿರುತ್ತವೆ. ಒಳಗೆ ಇನ್ಸುಲೇಶನ್ ಕೆಟ್ಟು ಫೇಸ್ ಆ ಮೈಗೆ ತಗುಲಿದರೆ, ಅರ್ಥ್ ಇದ್ದಾಗ ಫ್ಯೂಸ್ ಹೋಗುತ್ತದೆ. ಅರ್ಥ್ ಪಿನ್ ಮುರಿದಿದ್ದರೆ 230 ವೋಲ್ಟ್ ನಿಮ್ಮ ಬೆರಳಿನಡಿಯ ತಂತಿಯಲ್ಲಿರುತ್ತದೆ. ಆಗ ತುಟಿ ಮೈಕಿಗೆ ತಾಗಿದರೆ ಸಾಕು. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ, ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಸತ್ತರು. ಯಾರ್ಡ್‌ಬರ್ಡ್ಸ್ ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ 1976ರಲ್ಲಿ ಸತ್ತದ್ದು ಮನೆಯಲ್ಲಿ, ಅರ್ಥಿಂಗ್ ಸರಿಯಿಲ್ಲದ ಎಲೆಕ್ಟ್ರಿಕ್ ಗಿಟಾರ್ ನುಡಿಸುವಾಗ.

ಇದಕ್ಕೆ ಅಮೆರಿಕದಿಂದ ಬಂದ ಒಂದು ಸಲಹೆ ಇಲ್ಲೂ ಓಡಾಡುತ್ತಿದೆ: ಬ್ರಿಜ್ಜಿನ ಗ್ರೌಂಡ್ ವೈರಿಗೆ ನಡುವೆ 0.33 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಶಾಕ್‌ನಿಂದ ರಕ್ಷಣೆ ಎಂದು. ಲೆಕ್ಕ ಹಾಕಿ ನೋಡಿ. 50 ಹರ್ಟ್ಸ್‌ನಲ್ಲಿ ಆ ಕೆಪಾಸಿಟರಿನ ತಡೆ ಸುಮಾರು 9,600 ಓಮ್. 230 ವೋಲ್ಟಿಗೆ 24 ಮಿಲಿಆಂಪ್ ಹರಿಯುತ್ತದೆ. ಹಿಡಿದದ್ದನ್ನು ಬಿಡಲಾಗದಂತೆ ಕೈ ಸೆಟೆದುಕೊಳ್ಳಲು 10 ಮಿಲಿಆಂಪ್ ಆಸುಪಾಸು ಸಾಕು. 120 ವೋಲ್ಟಿನ ದೇಶದಲ್ಲೂ ಅದು 15 ಮಿಲಿಆಂಪ್ ಬಿಡುತ್ತದೆ, ಅಂದರೆ ಅಲ್ಲಿಗೂ ಅದು ಸಾಲದು. ನಮಗೆ ಬೇಕಾದದ್ದು ಸರಿಯಾದ ಅರ್ಥ್ ಮತ್ತು 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್.

ಮೂರು ಪಿನ್ನಿನ ಸಾಕೆಟ್ ಗೋಡೆಯಲ್ಲಿದ್ದ ಮಾತ್ರಕ್ಕೆ ಹಿಂದೆ ಅರ್ಥ್ ವೈರ್ ಇದೆಯೆಂದು ನಂಬಬೇಡಿ. ಹಳೆಯ ಮನೆಗಳಲ್ಲಿ ಆ ರಂಧ್ರ ಎಷ್ಟೋ ಸಲ ಖಾಲಿ. ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟಿನ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಡಿಜಿಟಲ್ ಮೀಟರ್ ತುಂಡಾದ ವೈರಿನಲ್ಲೂ ಸುಳ್ಳು ವೋಲ್ಟೇಜ್ ತೋರಿಸುವುದುಂಟು, ಆದ್ದರಿಂದ ಎಲೆಕ್ಟ್ರಿಷಿಯನ್ ಕೈಯಲ್ಲಿ ಬಲ್ಬ್ ಹಾಕಿಯೂ ನೋಡಿಸಿ.

ಇನ್ನು ಗಿಟಾರಿನ ಒಳಗೆ. ಮೊದಲ ಕೆಲಸಕ್ಕೆ ಖರ್ಚೇ ಇಲ್ಲ: ಮಲ್ಟಿಮೀಟರಿನ ಒಂದು ಮೊನೆ ತಂತಿಗೆ, ಇನ್ನೊಂದು ಕೇಬಲ್ ಪ್ಲಗ್ಗಿನ ಹೊರಮೈಗೆ ಹಿಡಿಯಿರಿ. ಒಂದೆರಡು ಓಮ್ ಒಳಗೆ ತೋರಿಸಬೇಕು. ತೋರಿಸದಿದ್ದರೆ ಬ್ರಿಜ್ಜಿನ ಗ್ರೌಂಡ್ ಕಿತ್ತಿದೆ. ಸ್ಟ್ರಾಟ್ ಮಾದರಿಯಲ್ಲಿ ಈ ವೈರ್ ಹಿಂಬದಿಯ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಲೋಹದ ಪಟ್ಟಿಗೆ ಬೆಸೆದಿರುತ್ತದೆ. ಪಟ್ಟಿ ದಪ್ಪ, 25 ವಾಟ್ ಸೋಲ್ಡರಿಂಗ್ ಐರನ್ನಿನ ಬಿಸಿಯನ್ನೆಲ್ಲ ಅದೇ ಹೀರಿಕೊಳ್ಳುತ್ತದೆ. ಸೀಸ ಹರಡದೆ ಮಣಿಯಂತೆ ಮೇಲೆ ಕೂರುತ್ತದೆ, ಉಗುರಿನಿಂದ ಎತ್ತಿದರೆ ಎದ್ದುಬರುತ್ತದೆ. 60 ವಾಟ್ ಐರನ್ ಬಳಸಿ. ಅಗ್ಗದ ಗಿಟಾರ್‌ಗಳಲ್ಲಿ ಪಟ್ಟಿಗೆ ಬಣ್ಣ ಬಳಿದಿದ್ದರೆ ಉಪ್ಪುಕಾಗದದಿಂದ ಲೋಹ ಕಾಣುವವರೆಗೆ ಉಜ್ಜಿ, ಫ್ಲಕ್ಸ್ ಹಚ್ಚಿ, ಆಮೇಲೆ ಬೆಸೆಯಿರಿ.

ಆಮೇಲೆ ಶೀಲ್ಡಿಂಗ್, ಅಂದರೆ ಒಳಗಿನ ವೈರಿಂಗಿಗೆ ಗ್ರೌಂಡಿಗೆ ಸೇರಿದ ಲೋಹದ ಹೊದಿಕೆ. 50 ಮಿಲಿಮೀಟರ್ ಅಗಲದ ತಾಮ್ರದ ಟೇಪು ಎರಡು ಮೂರು ಮೀಟರ್ ಇದ್ದರೆ ಒಂದು ಗಿಟಾರಿಗೆ ಸಾಕು, ಕೆಲವು ನೂರು ರೂಪಾಯಿಯ ಬಾಬತ್ತು. ಪಿಕ್‌ಗಾರ್ಡ್ (ಮುಂಬದಿಯ ತೆಳು ಫಲಕ) ಬಿಚ್ಚಿ, ಒಳಗಿನ ಗುಳಿಯ ತಳ ಮತ್ತು ಗೋಡೆಗಳಿಗೆ ಅಂಟಿಸಿ. ಒಂದು ತುಂಡಿನ ಮೇಲೆ ಇನ್ನೊಂದು ಐದಾರು ಮಿಲಿಮೀಟರ್ ಹತ್ತಿಕೂರಲಿ. ಅಂಚಿನಲ್ಲಿ ಎರಡು ಮೂರು ಕಡೆ ಟೇಪನ್ನು ಮೇಲಕ್ಕೆ ಮಡಚಿ ಬಿಟ್ಟರೆ ಪಿಕ್‌ಗಾರ್ಡಿನ ಹಿಂಬದಿಗೆ ಅಂಟಿಸಿದ ತಾಮ್ರ ಅದನ್ನು ಒತ್ತಿ ಕೂರುತ್ತದೆ. ಟೇಪಿನ ಅಂಟು ವಿದ್ಯುತ್ ಹರಿಸುವ ಬಗೆಯದಲ್ಲವಾದರೆ ಪ್ರತಿ ಸೇರಿಕೆಗೂ ಒಂದು ಚುಕ್ಕೆ ಬೆಸುಗೆ ಬೇಕು. ಇದನ್ನು ಬಿಟ್ಟವರ ಶೀಲ್ಡ್ ನೋಡಲು ಚೆಂದ, ಕೆಲಸಕ್ಕೆ ಬಾರದು: ಬಿಡಿಬಿಡಿ ತುಂಡುಗಳು ಗ್ರೌಂಡಿಗೆ ಸೇರದೆ ಸುಮ್ಮನೆ ಕೂತಿರುತ್ತವೆ. ತಾಮ್ರದಿಂದ ಒಂದು ವೈರ್ ವಾಲ್ಯೂಮ್ ಪಾಟಿನ (ವಾಲ್ಯೂಮ್ ಗುಂಡಿಯ ಕೆಳಗಿನ ಭಾಗದ) ಬೆನ್ನಿಗೆ ಬೆಸೆದು, ಪ್ರತಿ ತುಂಡಿನಿಂದ ಜ್ಯಾಕಿನ ಗ್ರೌಂಡಿಗೆ ಒಂದು ಓಮ್ ಒಳಗಿದೆಯೇ ಎಂದು ಅಳೆಯಿರಿ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗೆ ಬೆಸುಗೆ ಕೂರುವುದಿಲ್ಲ, ಅದರ ಗೊಡವೆ ಬೇಡ.

ಜೋಡಿಸಿದ ಮೇಲೆ ಗಿಟಾರ್ ಮೂಕವಾದರೆ ಗಾಬರಿ ಬೇಡ. ಪಿಕಪ್ ಆರಿಸುವ ಐದು ಸ್ಥಾನದ ಸ್ವಿಚ್ಚಿನ ಸಿಗ್ನಲ್ ಕಾಲೊಂದು ಗುಳಿಯ ಗೋಡೆಯ ತಾಮ್ರಕ್ಕೆ ತಾಗುತ್ತಿರುತ್ತದೆ. ಬಿಚ್ಚಿಟ್ಟು ಅಳೆದಾಗ ಎಲ್ಲ ಸರಿ, ಕೇಬಲ್ ಚುಚ್ಚಿದಾಗ ಮಾತ್ರ ಸದ್ದಿಲ್ಲ ಎಂದಾದರೆ, ಪ್ಲಗ್ ಒಳಹೋಗುವಾಗ ಹೊರಕ್ಕೆ ಬಾಗುವ ಜ್ಯಾಕಿನ ನಾಲಗೆ ಪಕ್ಕದ ಲೋಹವನ್ನು ಮುಟ್ಟುತ್ತಿದೆ. ಎರಡೂ ಕಡೆ ಇನ್ಸುಲೇಶನ್ ಟೇಪು ಹಚ್ಚಿ. ಪಿಕಪ್ಪಿನ ಕಾಯಿಲ್ ಸುತ್ತ ತಾಮ್ರ ಸುತ್ತುವವರು ಎರಡು ತುದಿ ಸೇರಿಸಬಾರದು. ಸೇರಿಸಿದರೆ ಅದೇ ಒಂದು ಸುತ್ತಿನ ಶಾರ್ಟ್ ಆಗಿ ನಾದದ ಹೊಳಪು ಇಳಿಯುತ್ತದೆ. ಪಾಟುಗಳ ನಡುವಿನ ಗ್ರೌಂಡ್ ವೈರ್ ಕಿತ್ತು ಎಲ್ಲವನ್ನೂ ಒಂದೇ ಬಿಂದುವಿಗೆ ತರಬೇಕೆಂದು ಕೆಲವರು ಹೇಳುತ್ತಾರೆ. ಗಿಟಾರಿನೊಳಗೆ ಆ ವೈರ್‌ಗಳಿಂದಾಗುವ ಲೂಪ್ ಎಷ್ಟು ಚಿಕ್ಕದೆಂದರೆ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಝರ್ ಹೋಗಿ ಗುಂಯ್ ಉಳಿಯುತ್ತದೆ. ಟೇಪು ಅಂಟಿಸಿದವನನ್ನು ಬೈಯಬೇಡಿ. 50 ಹರ್ಟ್ಸ್ ಕಾಂತಕ್ಷೇತ್ರವನ್ನು ಸಾಕಷ್ಟು ತಗ್ಗಿಸಲು ತಾಮ್ರ 9 ಮಿಲಿಮೀಟರಿನಷ್ಟು ದಪ್ಪ ಇರಬೇಕು. ನಾವು ಅಂಟಿಸಿದ ಟೇಪು ಅದರ ನೂರನೇ ಒಂದು ಪಾಲೂ ಇಲ್ಲ. ಇಲ್ಲಿ ಕೆಲಸ ಮಾಡುವುದು ದೂರ. ಟ್ರಾನ್ಸ್‌ಫಾರ್ಮರಿನಿಂದ ದೂರ ಇಮ್ಮಡಿಯಾದರೆ ಕ್ಷೇತ್ರ ಸುಮಾರು ಎಂಟನೇ ಒಂದಕ್ಕೆ ಇಳಿಯುತ್ತದೆ, ಹಾಗಾಗಿ ಆಂಪ್ಲಿಫಯರಿನಿಂದ ಎರಡು ಮೀಟರ್ ಸರಿದು ನಿಲ್ಲಿ. ಮನೆಯಲ್ಲಿ ಸ್ಟೆಬಿಲೈಸರ್, ಯುಪಿಎಸ್, ಹಳೆಯ ಟ್ಯೂಬ್‌ಲೈಟಿನ ಚೋಕ್ ಇವುಗಳ ಪಕ್ಕ ಕೂರಬೇಡಿ. ಸೈನ್ ವೇವ್ ಅಲ್ಲದ ಇನ್ವರ್ಟರ್ ಮೇಲೆ ಮನೆ ಓಡುತ್ತಿರುವಾಗ ರೆಕಾರ್ಡಿಂಗ್ ಬೇಡವೇ ಬೇಡ. ಫ್ಯಾನಿನ ರೆಗ್ಯುಲೇಟರ್ ಹಂತವಿಲ್ಲದೆ ತಿರುಗುವ ಎಲೆಕ್ಟ್ರಾನಿಕ್ ಮಾದರಿಯಾದರೆ ಅದು ಪ್ರತಿ ಅರ್ಧ ಆವರ್ತದಲ್ಲೂ ಕರೆಂಟನ್ನು ಕತ್ತರಿಸಿ ಝರ್ ಎಬ್ಬಿಸುತ್ತದೆ. ಹಂತಗಳಿರುವ ಕೆಪಾಸಿಟರ್ ಮಾದರಿಗೆ ಈ ರೋಗವಿಲ್ಲ.

ಮೂರು ಪಿಕಪ್ಪಿನ ಸ್ಟ್ರಾಟ್ ಮಾದರಿಯಲ್ಲಿ ಸ್ವಿಚ್ಚಿನ 2 ಮತ್ತು 4ನೇ ಸ್ಥಾನದಲ್ಲಿ ನಡುವಿನ ಪಿಕಪ್ ಪಕ್ಕದ ಒಂದರ ಜೊತೆ ನುಡಿಯುತ್ತದೆ; ಅಲ್ಲಿ ಗುಂಯ್ ತಗ್ಗುತ್ತದೆಯೇ ನೋಡಿ. ತಗ್ಗಿದರೆ ನಡುವಿನ ಪಿಕಪ್ ಸುತ್ತಿನಲ್ಲೂ ಅಯಸ್ಕಾಂತದ ಧ್ರುವದಲ್ಲೂ ಉಳಿದೆರಡಕ್ಕೆ ವಿರುದ್ಧವಾಗಿದೆ. ಜೋಡಿಯಾಗಿ ನುಡಿದಾಗ ಅವು ಹಂಬಕರಿನಂತೆಯೇ ವರ್ತಿಸುತ್ತವೆ. ತಗ್ಗದಿದ್ದರೆ ನಡುವಿನದನ್ನು ಹಾಗೆ ಮಾಡಿಕೊಳ್ಳಬಹುದು. ಆದರೆ ಎರಡು ವೈರ್ ಅದಲುಬದಲು ಮಾಡಿದರಷ್ಟೇ ಸಾಲದು, ನಾದ ತೆಳ್ಳಗಾಗಿ ಕೆಡುತ್ತದೆ, ಧ್ರುವವೂ ತಿರುಗಬೇಕು. ಅಡಿಯಲ್ಲಿ ಪಟ್ಟಿ ಅಯಸ್ಕಾಂತ ಅಂಟಿಸಿದ ಅಗ್ಗದ ಪಿಕಪ್‌ಗಳಲ್ಲಿ ಆ ಪಟ್ಟಿಯನ್ನು ಬಿಡಿಸಿ ಮಗುಚಿದರಾಯಿತು. ಆಲ್ನಿಕೋ (ಒಂದು ಬಗೆಯ ಅಯಸ್ಕಾಂತ ಲೋಹ) ಕಡ್ಡಿಗಳಿದ್ದರೆ ಅವನ್ನು ತಳ್ಳಿ ಹೊರತೆಗೆಯಲು ಹೋಗಬೇಡಿ: ವೈರನ್ನು ಕಡ್ಡಿಗಳ ಮೇಲೇ ಸುತ್ತಿರುತ್ತಾರೆ, ಒಳಗೆ ತುಂಡಾದರೆ ಪಿಕಪ್ ಸತ್ತಂತೆ. ಒಂದೊಂದೇ ಪಿಕಪ್ ನುಡಿಸುವಾಗಲೂ ನಿಶ್ಶಬ್ದ ಬೇಕೆಂದರೆ ಮಾತ್ರ ಡಮ್ಮಿ ಕಾಯಿಲ್ (ಗುಂಯ್ ಕಳೆಯಲೆಂದೇ ಇಡುವ, ಅಯಸ್ಕಾಂತವಿಲ್ಲದ ಕಾಯಿಲ್) ಅಥವಾ ಒಂದರ ಕೆಳಗೊಂದು ಕಾಯಿಲ್ ಇರುವ ನಾಯ್ಸ್‌ಲೆಸ್ ಪಿಕಪ್. ಎರಡರಲ್ಲೂ ನಾದ ಸ್ವಲ್ಪ ಬದಲಾಗುತ್ತದೆ. ನಾಯ್ಸ್ ಗೇಟ್ ಪೆಡಲ್ ನೀವು ನುಡಿಸದಿರುವಾಗ ಬಾಯಿ ಮುಚ್ಚಿಸುತ್ತದೆ, ಸ್ವರದೊಳಗಿನ ಗುಂಯ್ ಹಾಗೇ ಇರುತ್ತದೆ.

ಕಡೆಗೆ ಸಂಘಟಕರಲ್ಲಿ ಕಳಕಳಿಯ ವಿನಂತಿ. ಜನರೇಟರ್ ತರಿಸಿದಾಗ ಅದರ ಮೈಗೂ ನ್ಯೂಟ್ರಲಿಗೂ ಅರ್ಥ್ ಹಾಕಿಸಿ. ಡಿಮ್ಮರ್ ಇರುವ ಲೈಟುಗಳ ಲೈನ್ ಬೇರೆ ಇರಲಿ. ವಾದ್ಯಗಳ ಆಂಪ್ಲಿಫಯರ್ ಮತ್ತು ಮಿಕ್ಸರಿಗೆ ಆರ್‌ಸಿಸಿಬಿ ಇರುವ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಅಷ್ಟಾದ ಮೇಲೂ ಗಿಟಾರ್ ಆಂಪ್ಲಿಫಯರನ್ನು ಮಿಕ್ಸರಿಗೆ ಜೋಡಿಸಿದಾಗ ಗುಂಯ್ ಬಂದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರಿಗೆ ಒಪ್ಪುವಂತೆ ದಾಟಿಸುವ ಪೆಟ್ಟಿಗೆ) ಹಾಕಿ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಲು ಸೌಂಡಿನವರಿಗೆ ಹೇಳಿ. ಅದು ಸಿಗ್ನಲ್ಲಿನ ಗ್ರೌಂಡನ್ನಷ್ಟೇ ಬಿಡಿಸುತ್ತದೆ, ಪ್ಲಗ್ಗಿನ ಅರ್ಥ್ ಪಿನ್ ತನ್ನ ಜಾಗದಲ್ಲೇ ಇರುತ್ತದೆ.

ಇಂತಿ,
ಗಿಟಾರ್ ರಿಪೇರಿ ಕೆಲಸದವರು, ಮೈಸೂರು